ದೂರದಿಂದ ಆರುತ್ತಿದ್ದ ಒಲೆ

ಬುಧವಾರ, ಮಧ್ಯಾಹ್ನ ಊಟದ ನಂತರ

ಗುಬ್ಬಿಗೆ,

'ಪ್ರೀತಿಯ' ಎಂದು ಬರೆದು, ಹೊಡೆದು ಹಾಕಿ, ಈ ಹೊಸ ಹಾಳೆ ತೆಗೆದುಕೊಂಡಿದ್ದೇನೆ. ಪ್ರೀತಿ ಇಲ್ಲವೆಂದಲ್ಲ. ಮೊದಲ ಸಾಲಿನಲ್ಲೇ ಅದನ್ನು ಕೊಟ್ಟುಬಿಟ್ಟರೆ ಮುಂದಿನದನ್ನೆಲ್ಲ ನೀನು ಹಗುರ ಮಾಡಿಕೊಂಡು ಓದುತ್ತೀಯ. ನಿನ್ನ ಬುದ್ಧಿ ನನಗೆ ಗೊತ್ತು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ಹತ್ತು ಹೇಳುತ್ತೀಯ, ಕೊನೆಗೆ ನಾನೇ ನಿನ್ನನ್ನು ಸಮಾಧಾನ ಮಾಡಿ ಇಡಬೇಕಾಗುತ್ತದೆ. ಅಲ್ಲದೆ ನಿನ್ನ ಫೋನಿನ ಮೇಲೆ ನನಗೆ ನಂಬಿಕೆ ಹೋಗಿದೆ. ಹೋದ ವಾರದಿಂದ ನಮ್ಮ ಒಲೆ ನಿನಗೆ ಸುದ್ದಿ ಕಳಿಸುವುದನ್ನು ನಿಲ್ಲಿಸಿದೆ, ಅಲ್ಲವೇ? ಅದು ಕೆಟ್ಟಿಲ್ಲ. ನಾನೇ ಹೇಳಿ ನಿಲ್ಲಿಸಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಗೊತ್ತಿರುವುದನ್ನೇ ಕೊರೆಯುತ್ತಿದ್ದಾಳೆ ಎಂದು ಹಾಳೆ ತಿರುಗಿಸಬೇಡ. ನಿನಗೆ ಗೊತ್ತಿರುವುದು ಬೇರೆ, ನಡೆದದ್ದು ಬೇರೆ.

ಹೋದ ವರ್ಷ ದೊಡ್ಡಮ್ಮನ ಕಣ್ಣಿನ ಆಪರೇಷನ್ನಿಗೆಂದು ಬೆಳಗಿನ ಮೊದಲ ಬಸ್ಸಿಗೆ ಹೊರಟೆನಲ್ಲ, ನಾಲ್ಕು ದಿನ ಅವಳ ಜೊತೆಗಿದ್ದು ವಾಪಸು ಬಂದು ಬಾಗಿಲು ತೆಗೆದರೆ ಮನೆ ತುಂಬ ಬಣ್ಣದ ವಾಸನೆ. ಅಡುಗೆಮನೆಯ ಗೋಡೆ, ಚಾವಣಿ ಎಲ್ಲ ಹೊಚ್ಚ ಬಿಳಿ. ನಿಮ್ಮಪ್ಪ ಮೊಣಕೈವರೆಗೆ ಸುಣ್ಣದ ಬೊಂಬೆಯ ಹಾಗೆ ನಿಂತಿದ್ದರು. ಒಂದು ಮೊಳೆ ಹೊಡೆಯಿರಿ ಎಂದರೆ ಎರಡು ಹಬ್ಬ ದಾಟಿಸುವ ಮನುಷ್ಯ. "ನಿನಗೇ ಅಂತ ಮಾಡ್ದೆ" ಅಂದರು. ಚೀಲ ಕೆಳಗಿಡದೆ ಗೋಡೆ ಸವರಿ ಸವರಿ ನೋಡಿದೆ ಗುಬ್ಬಿ. ಈ ವಯಸ್ಸಿನಲ್ಲಿ ಗಂಡನಿಗೆ ಹೆಂಡತಿಯ ಅಡುಗೆಮನೆ ಕಣ್ಣಿಗೆ ಬಿತ್ತಲ್ಲ ಎಂದು ಅಂದೇ ಸಂಜೆ ದೊಡ್ಡಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ನೀನು ಬಂದೆ. ಬಂದವಳೇ ನನ್ನ ಹೆಗಲಿಗೆ ಗದ್ದ ಊರಿ, "ಅಮ್ಮಾ, ಗ್ಯಾಸಿನ ಮುಂದೆ ಬೆಂದಿದ್ದು ಸಾಕು, ನಿನಗೊಂದು ಒಳ್ಳೇ ಇಂಡಕ್ಷನ್ ಒಲೆ ಕೊಡಿಸ್ತೀನಿ, ನಾಲ್ಕು ಒಲೆದು, ಕೆಳಗಡೆ ಓವನ್ ಇರೋದು" ಅಂದೆ. ಗಂಡ ಬಣ್ಣ ಬಳಿದ, ಮಗಳು ಒಲೆ ಕೊಡಿಸುತ್ತಾಳೆ. ನನ್ನ ಪುಣ್ಯ ಒಟ್ಟಿಗೇ ಹಣ್ಣಾಗಿದೆ ಎಂದುಕೊಂಡೆ.

ಅಂಗಡಿ ಅಂಗಡಿ ಅಲೆದದ್ದು ನೆನಪಿದೆಯಾ? ಒಬ್ಬ ಮಾರಾಟದ ಹುಡುಗಿ ಪಾತ್ರೆಗೂ ಗಾಜಿಗೂ ನಡುವೆ ಪೇಪರ್ ಇಟ್ಟು ನೀರು ಕುದಿಸಿ ತೋರಿಸಿದಳು. ಪೇಪರ್ ಸುಡಲಿಲ್ಲ. ಫೈರ್ ಸ್ಟೇಷನ್ನಿನಲ್ಲಿ ಆಯುಸ್ಸೆಲ್ಲ ಕಳೆದ ನಿಮ್ಮಪ್ಪ ಸುಮ್ಮನಿರುತ್ತಾರೆಯೇ? ಎಣ್ಣೆಯ ಬೆಂಕಿಗೆ ಯಾಕೆ ನೀರು ಹಾಕಬಾರದು ಎಂದು ಅವಳಿಗೇ ಪಾಠ ಶುರು ಮಾಡಿದರು. ನನಗೆ ಇಷ್ಟವಾದದ್ದು ತಿರುಗಿಸುವ ಗುಂಡಿಗಳಿದ್ದ ಒಲೆ. ಬೆರಳಿಗೆ ಗೊತ್ತಾಗುವಂಥದ್ದು, ಕಣ್ಣು ಬೇರೆಲ್ಲೋ ಇದ್ದರೂ ಕೈ ತಾನಾಗಿ ಕಡಿಮೆ ಮಾಡುವಂಥದ್ದು. ನೀನು ಮಾತ್ರ ನುಣ್ಣನೆಯ ಗಾಜಿನದು, ಫೋನಿಗೆ ಸೇರಿಸುವಂಥದ್ದು, ಅದೇ ಆಗಬೇಕು ಎಂದು ಪಟ್ಟು ಹಿಡಿದೆ. ಒಲೆಗೇಕೆ ಫೋನು, ಅದು ಯಾರ ಜೊತೆ ಮಾತಾಡಬೇಕು ಎಂದು ನಾನು ಕೇಳಿದಾಗ ಅಪ್ಪ ಮಗಳು ಮುಖ ಮುಖ ನೋಡಿಕೊಂಡು ನಕ್ಕಿರಿ. ನನ್ನ ಹಳೇ ಕಾಲದ ಮಾತಿಗೆ ನಕ್ಕಿರಿ ಎಂದುಕೊಂಡು ನಾನೂ ನಕ್ಕೆ.

ಆಮೇಲೆ ನಿಮ್ಮಪ್ಪ ಆಯಸ್ಕಾಂತ ಹಿಡಿದುಕೊಂಡು ನನ್ನ ಪಾತ್ರೆಗಳನ್ನೆಲ್ಲ ಪರೀಕ್ಷೆಗೆ ಕೂರಿಸಿದರು. ಅಂಟಿದ್ದು ಪಾಸು, ಅಂಟದ್ದು ಫೇಲು. ಜಾಮ್ ಮಾಡುವ ನನ್ನ ತಾಮ್ರದ ಬಾಣಲೆ ಫೇಲಾಯಿತು. ಅದನ್ನು ನೀನು ಒಯ್ದು ನಿನ್ನ ಬಾಲ್ಕನಿಯಲ್ಲಿಟ್ಟು ಗಿಡ ನೆಟ್ಟೆ. ಪಾತ್ರೆ ಹೋದರೆ ಹೋಯಿತು, ಮನಸ್ಸು ದೊಡ್ಡದಲ್ಲವೇ ಎಂದು ಬಿಟ್ಟುಕೊಟ್ಟೆ.

ಒಲೆಯ ಮೇಲೆ ನಾನು ಚಾಡಿ ಹೇಳುವುದಿಲ್ಲ. ಮೊದಮೊದಲು ಜಗಳವಾಡಿದೆವು. ಒದ್ದೆ ಕೈಗೆ ಅದು ಸ್ಪಂದಿಸುವುದಿಲ್ಲ, ನಾಲ್ಕು ಹನಿ ಉಕ್ಕಿದರೆ ಮುನಿಸಿಕೊಂಡು ಆರುತ್ತದೆ, ಪಾತ್ರೆ ಎತ್ತಿದರೆ ತೊಟ್ಟಿಲ ಮಗುವಿನ ಹಾಗೆ ಕೂಗುತ್ತದೆ. ಉರಿ ಕಾಣದ ಒಲೆಯ ಮುಂದೆ ನಿಂತು ಎಷ್ಟು ಕಾದಿದೆ ಎಂದು ತಿಳಿಯದೆ ಒದ್ದಾಡಿದೆ. ಈರುಳ್ಳಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕರಿ ಮಾಡಿತು. ಆದರೆ ಹೊಂದಿಕೊಂಡ ಮೇಲೆ ಅದರಷ್ಟು ಒಳ್ಳೆಯ ಜೊತೆಗಾರ್ತಿ ಇಲ್ಲ. ಅಡುಗೆಮನೆ ತಂಪು, ಒರೆಸಿದರೆ ಕನ್ನಡಿ. ಸಣ್ಣ ಉರಿ ಎಂದರೆ ನಿಜಕ್ಕೂ ಸಣ್ಣ ಉರಿ, ಹಾಲು ತಳ ಹಿಡಿಯುವ ಮಾತೇ ಇಲ್ಲ.

ಇನ್ನೊಂದು ಖುಷಿಯೂ ಇತ್ತು. ಒಲೆ ಬಂದ ಮೇಲೆ ನಿನ್ನ ಫೋನು ಹೆಚ್ಚಾಯಿತು. ಮುಂಚೆ ವಾರಕ್ಕೊಂದು ಸಲ ಮಾತಾಡುತ್ತಿದ್ದವಳು ದಿನಾ ಮಾಡತೊಡಗಿದೆ. ಅದೂ ನಾನು ಒಲೆ ಹಚ್ಚಿದ ಹೊತ್ತಿಗೇ ಸರಿಯಾಗಿ. "ಏನ್ ಮಾಡ್ತಿದ್ದೀಯಮ್ಮ, ಒಲೆ ಮೇಲೆ ಏನಿಟ್ಟಿದ್ದೀಯ" ಎಂದು ಕೇಳುತ್ತಿದ್ದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಎಷ್ಟು ದೂರವಿದ್ದರೂ ಅಮ್ಮನ ಅಡುಗೆಯ ವಾಸನೆ ಬಡಿಯುತ್ತದೆ ಎಂದು ನಿಮ್ಮಪ್ಪನ ಹತ್ತಿರ ಹೇಳಿಕೊಂಡು ಬೀಗಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಆಮೇಲೆ ಒಲೆ ತಾನಾಗಿ ಆರತೊಡಗಿತು. ಸಾರು, ಅನ್ನ ಮಾಡುವಾಗ ಏನೂ ಇಲ್ಲ. ಜಾಮಿಗಿಟ್ಟರೆ ಮಾತ್ರ. ಕಿತ್ತಳೆ ಸಿಪ್ಪೆಯ ಜಾಮ್ ಎಂದರೆ ನಿನಗೆ ಗೊತ್ತಲ್ಲ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಕೂರಬೇಕು. ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಪಾತ್ರೆ ತಣ್ಣಗೆ ಕೂತಿರುತ್ತಿತ್ತು. ಮತ್ತೆ ಕಾಯಿಸಿದರೆ ಬಣ್ಣ ಕಪ್ಪು, ಕಾಯಿಸದಿದ್ದರೆ ನೀರು. ಮೊದಲು ಒಲೆಯನ್ನು ಬೈದೆ. ಆಮೇಲೆ ನನ್ನನ್ನೇ ಬೈದುಕೊಂಡೆ. ನಾನೇ ಆರಿಸಿ ಮರೆತೆನೇನೋ, ಸೆರಗು ತಾಗಿತೇನೋ, ಹಚ್ಚಲೇ ಇಲ್ಲವೇನೋ. ನಿಮ್ಮಪ್ಪನನ್ನು ಕೇಳಿದರೆ, "ಇರಬಹುದು, ವಯಸ್ಸಾಯ್ತಲ್ಲ" ಎನ್ನುತ್ತಿದ್ದರು.

ಮೂಲೆಯ ಬೇಕರಿಯವನು ಎಷ್ಟು ವರ್ಷದಿಂದ ನನ್ನ ಜಾಮನ್ನೇ ಇಟ್ಟುಕೊಂಡವನು. ಒಂದು ದಿನ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ಬಂದ. "ಅಮ್ಮಾ, ಬೇಜಾರ್ ಮಾಡ್ಕೋಬೇಡಿ, ಗಿರಾಕಿಗಳು ವಾಪಸ್ ತಂದ್ಕೊಡ್ತಿದ್ದಾರೆ. ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಅಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರೆಸ್ಟ್ ಯಾಕಪ್ಪ, ಇನ್ನು ಮಾಡುವುದೇ ಇಲ್ಲ, ಬೇರೆಯವರನ್ನು ನೋಡಿಕೋ ಎಂದು ನಾನೇ ಹೇಳಿ ಕಳಿಸಿದೆ. ಅವತ್ತು ಫೋನಿನಲ್ಲಿ ನಿನ್ನ ಹತ್ತಿರ ಅತ್ತೆ. ನೀನೇನು ಹೇಳಿದೆ, ನೆನಪು ಮಾಡಿಕೋ. "ಬಿಡಮ್ಮ, ಯಾರಿಗೋಸ್ಕರ ಇಷ್ಟು ಕಷ್ಟಪಡ್ತೀಯ, ಒಳ್ಳೇದೇ ಆಯ್ತು" ಅಂದೆ. ಒಲೆಯನ್ನು ಆರಿಸಿದ ಕೈಯಲ್ಲೇ ಫೋನ್ ಹಿಡಿದುಕೊಂಡು ನನಗೆ ಸಮಾಧಾನ ಹೇಳಿದೆ.

ನಿಮ್ಮಿಬ್ಬರಿಗೂ ಹೇಳದ ಒಂದು ವಿಷಯವಿದೆ. ಕನ್ನಡಕ ಮಾಡಿಸಲು ಹೋಗುತ್ತೇನೆಂದು ಹೇಳಿ ನಾನು ಹೋದದ್ದು ಮರೆವಿನ ಡಾಕ್ಟರ ಹತ್ತಿರ. ಒಬ್ಬಳೇ ಹೋದೆ. ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕಪಕ್ಕದವರೆಲ್ಲ ಮಕ್ಕಳ ಕೈ ಹಿಡಿದುಕೊಂಡು ಕೂತಿದ್ದರು, ನಾನು ನನ್ನ ಚೀಲ ಹಿಡಿದುಕೊಂಡಿದ್ದೆ. ಡಾಕ್ಟರಮ್ಮ ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು, ಐದು ವಸ್ತುಗಳ ಹೆಸರು ಹೇಳಿ ಆಮೇಲೆ ಕೇಳಿದರು. ಎಲ್ಲ ಹೇಳಿದೆ. ಅವರು ಪೆನ್ನು ಮುಚ್ಚಿ, "ನಿಮ್ಮ ತಲೆ ಗಟ್ಟಿಯಾಗಿದೆ ಕಣ್ರೀ. ಒಲೆ ರಿಪೇರಿಯವರನ್ನ ಕರೀರಿ" ಅಂದರು.

ಕರೆದೆ. ಹೋದ ವಾರ ಬಂದ. ಎಲ್ಲ ಬಿಚ್ಚಿ ನೋಡಿ, ಮುಚ್ಚಿ, ಒಲೆಯ ಪುಟ್ಟ ಪರದೆಯಲ್ಲಿ ಏನೇನೋ ಒತ್ತಿ, "ಇದು ಕೆಟ್ಟಿಲ್ಲ ಅಮ್ಮಾ. ಯಾರೋ ಫೋನಿಂದ ಆಫ್ ಮಾಡ್ತಿದ್ದಾರೆ" ಅಂದ. ಯಾರು ಎಂದು ಕೇಳಿದೆ. ಪರದೆ ನನ್ನ ಕಡೆ ತೋರಿಸಿದ. 'ಗುಬ್ಬಿ' ಎಂದಿತ್ತು. ನಿನ್ನನ್ನು ಆಫೀಸಿನಲ್ಲಿ ಕರೆಯುವ ಹೆಸರಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನೀನು ಅಂಬೆಗಾಲಿಡುವಾಗ ನಾನು ಇಟ್ಟ ಹೆಸರು ಅದು. "ಮಗಳಾ? ಒಳ್ಳೇದಲ್ವಾ, ದೂರ ಇದ್ರೂ ನೋಡ್ಕೊಳ್ತಾರೆ" ಎಂದು ಅವನು ನಕ್ಕ. ಹೌದಪ್ಪ, ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಅಂದೆ. ಆ ಹೆಸರನ್ನು ತೆಗೆಸಿ ಅವನಿಗೆ ಟೀ ಕೊಟ್ಟು ಕಳಿಸಿದೆ. ಅಷ್ಟರಲ್ಲಿ ನಿಮ್ಮಪ್ಪನಿಗೆ ಗಿಡಕ್ಕೆ ನೀರು ಹಾಕುವುದು ನೆನಪಾಗಿ ಹೊರಗೆ ಹೋಗಿದ್ದರು. ಕುಂಬಳಕಾಯಿ ಕಳ್ಳ ಅನ್ನುವುದಕ್ಕೂ ಮುಂಚೆಯೇ ಹೆಗಲು ಮುಟ್ಟಿ ನೋಡಿಕೊಂಡಿದ್ದರು.

ಕೈಯಿಂದ ಪೈಪ್ ಕಿತ್ತುಕೊಂಡು ಕೂರಿಸಿ ಕೇಳಿದೆ. ಮೊದಲು, "ಗುಬ್ಬಿಗೆ ಭಯ ಕಣೇ, ನೀನು ಮರೀತೀಯ ಅಂತ" ಅಂದರು. ನಾನು ಏನು ಮರೆತೆ ಅಂದೆ. "ಆವತ್ತು ಪಾತ್ರೆ ಸುಟ್ಟಿತಲ್ಲ" ಅಂದರು. ಯಾವತ್ತು, ಯಾವ ಪಾತ್ರೆ ಅಂದೆ. ಉರಿಯುವ ಮನೆಗಳೊಳಗೆ ನುಗ್ಗಿ ಜನರನ್ನು ಹೊತ್ತು ತಂದವರು, ನನ್ನ ಮುಖ ನೋಡಲು ಧೈರ್ಯವಿಲ್ಲದೆ ಕೂತರು. ಆಮೇಲೆ ಒಂದೊಂದೇ ಮಾತು ಬಿತ್ತು.

ನಡೆದದ್ದು ಇಷ್ಟು. ನಾನು ದೊಡ್ಡಮ್ಮನ ಮನೆಗೆ ಹೋದ ದಿನ, ಹೊತ್ತೇರಿದ ಮೇಲೆ, ನಿಮ್ಮಪ್ಪ ಮೊಟ್ಟೆ ಬೇಯಲು ಇಟ್ಟರು. ಇಟ್ಟು ಕೆಳಗಿನ ಮನೆಗೆ ಹೋದರು. ಯಾಕೆ ಗೊತ್ತಾ? ಆ ಮನೆಗೆ ಹೊಸದಾಗಿ ಬಂದ ದಂಪತಿಗೆ, ಅಡುಗೆಮನೆಗೆ ಬೆಂಕಿ ಬಿದ್ದರೆ ಏನು ಮಾಡಬೇಕು ಎಂದು ಅಂಗಳದಲ್ಲಿ ನಿಲ್ಲಿಸಿಕೊಂಡು ಹೇಳಿಕೊಡಲು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಪಾಠ ಮುಗಿಯುವ ಮುಂಚೆ ನಮ್ಮದೇ ಕಿಟಕಿಯಿಂದ ಹೊಗೆ ಬಂತು. ನೀರು ಇಂಗಿ, ಮೊಟ್ಟೆಗಳು ಸಿಡಿದು ಚಾವಣಿಗೆ ಅಂಟಿ, ಪಕ್ಕದ ಬಟ್ಟೆಗೆ ಕಿಡಿ ಹತ್ತಿ, ಗೋಡೆಯವರೆಗೂ ಹೋಗಿತ್ತು. ಇವರು ಮೇಲೆ ಓಡಿ ಆರಿಸುವಷ್ಟರಲ್ಲಿ ಕೆಳಗಿನವರು ಫೋನ್ ಮಾಡಿಬಿಟ್ಟಿದ್ದರು. ಬಂದದ್ದು ಇವರ ಸ್ಟೇಷನ್ನಿನದೇ ಗಾಡಿ. ಇಳಿದವರು ಇವರೇ ಕಲಿಸಿದ ಹುಡುಗರು. ಬಾಗಿಲಲ್ಲಿ ಸೆಲ್ಯೂಟ್ ಹೊಡೆದು, ಸಾರ್, ಯಾರು ಇಟ್ಟಿದ್ದು ಎಂದು ಕೇಳಿದರಂತೆ. ಇವರ ಬಾಯಿಂದ ಬಂದ ಮಾತು, "ನಮ್ಮನೆಯವಳು. ಊರಿಗೆ ಹೋಗೋ ಗಡಿಬಿಡೀಲಿ ಮರೆತು ಹೋಗಿದ್ದಾಳೆ."

ನಿನಗೂ ಅದನ್ನೇ ಹೇಳಿದರು. ಒಂದು ಕಡೆ ಹೇಳಿದ ಮೇಲೆ ಎಲ್ಲ ಕಡೆಯೂ ಅದನ್ನೇ ಹೇಳಬೇಕಾಯಿತು. "ಆ ಹುಡುಗರ ಮುಂದೆ ನಾನು ಹೇಗೆ ಹೇಳ್ಲಿ, ನೀನೇ ಹೇಳು" ಎಂದು ನನ್ನನ್ನೇ ಕೇಳಿದರು. ನನ್ನ ಹೆಸರು ಹೇಳಿದಿರಲ್ಲ, ಅದನ್ನ ಹೇಗೆ ಹೇಳಿದಿರಿ ಎಂದು ಕೇಳಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದದ್ದು ಎಮ್ಮೆಗೆ ಗೊತ್ತಾಗಬಾರದು ಎಂದು ಬಣ್ಣ ಬೇರೆ ಬಳಿದರು.

ಈಗ ಒಂದೊಂದೇ ಬಿಡಿಸಿಕೊಳ್ಳುತ್ತಿದೆ. ಸ್ಟೇಷನ್ನಿನವರ ಸಮಾರಂಭದಲ್ಲಿ ಆ ಹುಡುಗರ ಹೆಂಡತಿಯರು ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು, ನನ್ನ ಜೊತೆ ಬಿಡಿಸಿ ಬಿಡಿಸಿ ಮಾತಾಡಿದರು. ಎಷ್ಟು ಮರ್ಯಾದೆಯ ಮಕ್ಕಳು ಎಂದುಕೊಂಡಿದ್ದೆ. ಕೆಳಗಿನ ಮನೆಯವಳು ನಾನು ಮಾರ್ಕೆಟ್ಟಿಗೆ ಹೊರಟಾಗಲೆಲ್ಲ, "ಆಂಟಿ, ಒಲೆ ನೋಡ್ಕೊಂಡ್ ಬಂದ್ರಾ?" ಎಂದು ನಗುತ್ತಾ ಕೇಳುತ್ತಿದ್ದಳು. ಬೇಕರಿಯವನ ಆ ರೆಸ್ಟ್ ಕೂಡ. ಇಡೀ ಬೀದಿಗೆ ನಾನು ಮರೆವಿನ ಮುದುಕಿ. ನನಗೊಬ್ಬಳಿಗೇ ಗೊತ್ತಿರಲಿಲ್ಲ. ಎಲ್ಲರೂ ಸೇರಿ ನನ್ನ ಕಿವಿಗೆ ಹೂ ಇಟ್ಟು, ಎಷ್ಟು ಚೆನ್ನಾಗಿ ಕಾಣುತ್ತೀಯ ಎಂದಿರಿ. ನಾನು ಕನ್ನಡಿಯಲ್ಲಿ ನೋಡಿ ಸಂತೋಷಪಟ್ಟೆ.

ನಿಮ್ಮಪ್ಪನ ಸುಳ್ಳು ನನಗೆ ಅರ್ಥವಾಗುತ್ತದೆ. ಕ್ಷಮಿಸಿದ್ದೇನೆ ಎಂದಲ್ಲ, ಅರ್ಥವಾಗುತ್ತದೆ. ಬಾಗಿಲಲ್ಲಿ ಸೆಲ್ಯೂಟ್ ಹೊಡೆದು ನಿಂತವರ ಮುಂದೆ ಒಂದು ಗಳಿಗೆಯ ಹೇಡಿತನ. ಆದರೆ ನೀನು? ಊರವರ ಲೆಕ್ಕದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು ನೀನು. ಬೆಳಗಿನ ಮೊದಲ ಬಸ್ಸಿಗೆ ಹೋದವಳು ಇಟ್ಟ ಪಾತ್ರೆ ಹೊತ್ತೇರುವವರೆಗೆ ಸುಮ್ಮನೆ ಹೇಗೆ ಕೂತಿತ್ತು, ಮನೆಯಲ್ಲೇ ಇದ್ದ ಅಪ್ಪನಿಗೆ ಅಲ್ಲಿಯವರೆಗೆ ಯಾಕೆ ಕಾಣಲಿಲ್ಲ ಎಂದು ನಿನಗೆ ಅನ್ನಿಸಲೇ ಇಲ್ಲವೇ? ನಾನು ಮೊಟ್ಟೆ ಮುಟ್ಟುವುದಿಲ್ಲ ಎಂಬುದು ನಿನಗೆ ಹಾಲು ಕುಡಿಯುವ ವಯಸ್ಸಿನಿಂದ ಗೊತ್ತು. ಪಾತ್ರೆಯಲ್ಲಿ ಏನಿತ್ತಪ್ಪ ಎಂದು ಒಂದು ಮಾತು ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ನೀನು ಕೇಳಲಿಲ್ಲ. ಅಮ್ಮ ಮರೆತಳು ಎಂದರೆ ಹೌದೆನ್ನಲು ನೀನು ತಯಾರಾಗಿಯೇ ಇದ್ದೆ. ನನ್ನನ್ನು ಸುಟ್ಟದ್ದು ಅದು.

ನಿನ್ನ ಭಯ ಸುಳ್ಳಲ್ಲ ಎಂದು ಗೊತ್ತು. ದೂರದಲ್ಲಿ ಕೂತು, ಅಮ್ಮನ ಒಲೆ ಉರಿಯುತ್ತಿದೆ ಎಂಬ ಸುದ್ದಿ ನೋಡಿ ನಿನ್ನ ಎದೆ ಹೊಡೆದುಕೊಂಡಿರುತ್ತದೆ. ಆಗ ನನಗೆ ಹೇಳಬಹುದಿತ್ತಲ್ಲ. ಅಮ್ಮಾ, ನನಗೆ ಭಯ, ಒಲೆ ಆರಿಸುತ್ತೇನೆ ಎಂದಿದ್ದರೆ ಬೈಯುತ್ತಿದ್ದೆ, ಜಗಳವಾಡುತ್ತಿದ್ದೆ, ಆದರೆ ನನ್ನ ತಲೆಯ ಮೇಲೆ ನನಗೇ ಅನುಮಾನ ಬರುತ್ತಿರಲಿಲ್ಲ. ನೀನು ಆರಿಸಿ, ಆರಿಸಿದ್ದನ್ನು ಮುಚ್ಚಿಟ್ಟು, ನಾನು ನನ್ನನ್ನೇ ಬೈದುಕೊಳ್ಳುವುದನ್ನು ಫೋನಿನಲ್ಲಿ ಕೇಳಿಸಿಕೊಂಡೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಎಷ್ಟು ಸಲ ಅತ್ತಿದ್ದೇನೆ ಎಂಬ ಸುದ್ದಿಯನ್ನು ಆ ಒಲೆ ನಿನಗೆ ಕಳಿಸಲಿಲ್ಲವೇನೋ.

ನಿಮ್ಮಪ್ಪನಿಗೆ ಒಂದೇ ಮಾತು ಹೇಳಿದ್ದೆ. ಬೀದಿಯವರಿಗೆ ಹೇಳುವುದು ಬೇಡ, ಸ್ಟೇಷನ್ನಿಗೆ ಹೋಗುವುದೂ ಬೇಡ, ಮಗಳಿಗೆ ಮಾತ್ರ ನಿಮ್ಮ ಬಾಯಿಂದಲೇ ಹೇಳಿ ಎಂದು. ಆಗಲಿ ಅಂದರು. ಭಾನುವಾರ ನಿನಗೆ ಫೋನ್ ಹಚ್ಚಿಯೂ ಕೊಟ್ಟೆ, ಎದುರಿಗೇ ಕೂತೆ. ಅವರು ಸೆಖೆಯ ವಿಷಯ ಮಾತಾಡಿದರು. ನಿನ್ನ ಗಾಡಿಯ ಟೈರಿಗೆ ಗಾಳಿ ಹಾಕಿಸಿದೆಯಾ ಎಂದು ಕೇಳಿದರು. ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ನಾನು ನಿನ್ನ ಜೊತೆ ಏನು ಮಾತಾಡಿದೆ ಎಂದು ನನಗೇ ನೆನಪಿಲ್ಲ. ಇದೊಂದನ್ನು ಬೇಕಾದರೆ ಮರೆವು ಎಂದು ಬರೆದುಕೊಳ್ಳಿ.

ಇವತ್ತು ಬೆಳಿಗ್ಗೆ ಕಿತ್ತಳೆ ತಂದು ಇಟ್ಟೆ. ಸಣ್ಣ ಉರಿಯಲ್ಲಿ ಕೊನೆಯವರೆಗೂ ಬೆಂದಿತು, ಯಾರೂ ಆರಿಸಲಿಲ್ಲ. ತಟ್ಟೆಯ ಮೇಲೆ ಒಂದು ತೊಟ್ಟು ಹಾಕಿ ಬೆರಳಿನಿಂದ ತಳ್ಳಿದರೆ ಹದವಾಗಿ ಸುಕ್ಕುಗಟ್ಟಿತು. ಬೇಕರಿಯವನ ಹತ್ತಿರ ಹೋಗಿದ್ದೆ. ಬೇರೆ ಕಡೆಯಿಂದ ತರಿಸುತ್ತಿದ್ದಾನಂತೆ, ಮಾತು ಕೊಟ್ಟಾಗಿದೆಯಂತೆ. ತಪ್ಪು ಅವನದಲ್ಲ. ಬಾಟಲಿಗಳನ್ನು ಕಿಟಕಿಯ ಹತ್ತಿರ ಸಾಲಾಗಿ ಇಟ್ಟಿದ್ದೇನೆ. ನಿನಗೆ ಕಳಿಸುವುದಿಲ್ಲ. ಬೇಕಾದರೆ ಬಂದು ತೆಗೆದುಕೊಂಡು ಹೋಗು, ಬಂದಾಗ ನನ್ನ ಮುಖ ನೋಡಿ ಏನಾದರೂ ಹೇಳು. ಫೋನ್ ಮಾಡಿ ಅಳಬೇಡ. ಇನ್ನು ನನ್ನ ಒಲೆಯ ಮೇಲೆ ಏನಿದೆ ಎಂದು ತಿಳಿಯಬೇಕಿದ್ದರೆ ನನ್ನನ್ನೇ ಕೇಳಬೇಕು.

ತಲೆ ನೆಟ್ಟಗಿರುವ
ನಿನ್ನ ಅಮ್ಮ

ತಾ.ಕ.: ಈ ಕಾಗದ ಬರೆದದ್ದು ನಿಮ್ಮಪ್ಪನಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ರಾತ್ರಿ ಊಟಕ್ಕೆ ಕೂತರೆ ಅವರಿಗೆ ಅನ್ನ ಇಳಿಯುತ್ತಿಲ್ಲ, ಒಂದು ದಿನ ತಾವಾಗಿ ನಿನಗೆ ಹೇಳುತ್ತಾರೆ ಎಂದು ನನಗೆ ಇನ್ನೂ ಆಸೆಯಿದೆ. ಹೇಳಿದರೆ, ಮೊದಲ ಸಲ ಕೇಳುತ್ತಿರುವವಳ ಹಾಗೆ ಕೇಳು. ನನ್ನ ಮುಂದೆ ವರ್ಷವಿಡೀ ನಟಿಸಿದವಳಿಗೆ ಅದೇನೂ ಕಷ್ಟವಾಗಲಾರದು.